ದಾಸವಾಳದ ಬಜೆಟ್

ನಮ್ಮ ಮಲ್ಲೇಶ್ವರದ ಬೀದಿಯಲ್ಲಿ ಒಬ್ಬ ಸಂಸದರಿದ್ದರು. ಒಂದೊಂದೇ ಬೆರಳು ಮಡಚುತ್ತಾ ದೇಶದ ಬಜೆಟ್ಟನ್ನು ಒಂದೇ ಉಸಿರಿನಲ್ಲಿ ಹಂಚುತ್ತಿದ್ದರು: “ಮೊದಲು ಶಾಲೆಗೆ, ಆಮೇಲೆ ಗಡಿಗೆ, ಮಿಕ್ಕಿದ್ದು ಮಿಕ್ಕವರಿಗೆ.” ಗಡಿಯಲ್ಲಿ ಒಂದಿಂಚೂ ಸಡಿಲ ಕೂಡದೆಂಬುದು ಅವರ ಖಚಿತ ನಿಲುವು. ಅಧಿವೇಶನವಿಲ್ಲದ ದಿನಗಳಲ್ಲಿ ಮಾತ್ರ, ಬೆಳಗಿನ ವಾಕಿಂಗಿನಲ್ಲಿ, ಅವರ ಕೊಡೆಯ ಹಿಡಿ ನಮ್ಮ ಕಾಂಪೌಂಡಿನೊಳಗಿನ ದಾಸವಾಳದ ಕೊಂಬೆಯನ್ನು ಎಳೆಯುತ್ತಿತ್ತು; ಹೂವೆಲ್ಲ ಅವರ ಚೀಲ ಸೇರುತ್ತಿತ್ತು. ಅಮ್ಮನ ಪೂಜೆಗೆ ಹೂವೇ ಉಳಿಯುತ್ತಿರಲಿಲ್ಲ.

ಒಂದು ಶುಕ್ರವಾರ ಅಮ್ಮ ಗೇಟಿನಲ್ಲೇ ಕಾದು ನಿಂತಳು. “ಏನ್ ಸಾರ್, ಗಡಿ ವಿಷಯ ಮರೆತ್ಬಿಟ್ರಾ?”

ಅವರು ಕೊಡೆಗೆ ಸಿಕ್ಕಿದ್ದ ಕೊಂಬೆಯನ್ನು ತೋರಿಸಿದರು. “ರಸ್ತೆಗೆ ಬಂದಿದೆಯಲ್ಲಮ್ಮ. ಅತಿಕ್ರಮಣ ನಿಮ್ದೇ.”

“ಇರ್ಲಿ. ನನ್ ದೇವ್ರಿಗೆ ಹೂ ಕೊಡಿ.”

ಅವರು ಗಂಭೀರವಾಗಿ ಚೀಲ ಬಿಚ್ಚಿ, ಬೆರಳು ಮಡಚುತ್ತಾ, ಮೊದಲು ಗಣಪತಿಗೊಂದು, ಆಮೇಲೆ ಲಕ್ಷ್ಮಿಗೊಂದು ಹೂವನ್ನು ಅಮ್ಮನ ಕೈಗಿಟ್ಟರು. ಮಿಕ್ಕ ಒಂದು ಚೀಲ ಹೂವನ್ನು ಮಿಕ್ಕವರ ಪರವಾಗಿ ಮನೆಗೆ ಒಯ್ದರು.