ಈ ದಡದಲ್ಲೇ ಉಳಿದ ಕೆಂಪು ಕೋಲು

ಒಂದು ಲಾರಿ ನುಗ್ಗಿತೆಂದರೆ ಎದುರಿಂದ ಸೈಕಲ್ಲಿಗೂ ಜಾಗವಿಲ್ಲ, ಆ ಹಳೆಯ ಸೇತುವೆ ಅಷ್ಟು ಕಿರಿದು. ಅದಕ್ಕೇ ಎರಡು ತುದಿಗೂ ಒಬ್ಬೊಬ್ಬ ಕಾವಲುಗಾರ. ಈ ದಡದಲ್ಲಿ ಅಣ್ಣ, ಆ ದಡದಲ್ಲಿ ಅವನ ತಮ್ಮ. ಇಬ್ಬರ ನಡುವೆ ಕೆಂಪು ಬಣ್ಣ ಬಳಿದ ಒಂದೇ ಒಂದು ಕೋಲು. ಕೋಲು ಯಾರ ಕೈಲಿದೆಯೋ ಅವರ ಕಡೆಯ ಗಾಡಿಗಳು ಹೊರಡಬೇಕು. ಸಾಲಿನ ಕೊನೆಯ ಗಾಡಿಯವನು ಕೋಲನ್ನು ಆಚೆ ಮುಟ್ಟಿಸಬೇಕು. ಮಂತ್ರಿಯೇ ಬಂದರೂ ಕೋಲು ಬರುವ ತನಕ ತೆಪ್ಪಗೆ ಕಾಯಬೇಕು.

ಇಂಥ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದು ತಾಯಿಯ ವಿಷಯಕ್ಕೆ. ಅಮ್ಮ ನನ್ನ ಮನೆಯಲ್ಲಿರಲಿ ಎಂದು ಇವನು, ಇಲ್ಲ ನನ್ನಲ್ಲಿರಲಿ ಎಂದು ಅವನು. ತಾಯಿ ಬೇಡ ಎಂದು ಜಗಳವಾಡುವವರನ್ನು ನೋಡಿದ್ದೇವೆ. ಬೇಕು ಎಂದು ಮುಖ ತಿರುಗಿಸಿಕೊಂಡ ಪುಣ್ಯಾತ್ಮರು ಇವರೇ! ಮುದುಕಿ ಅಣ್ಣನ ಮನೆಯಲ್ಲೇ ಉಳಿದಳು. ಆದರೂ ಕೋಲು ಹೋಗುತ್ತಿತ್ತು, ಬರುತ್ತಿತ್ತು. "ಚಿಕ್ಕೋನು ಚೆನ್ನಾಗಿದಾನೆ" ಎಂದು ಅಮ್ಮನಿಗೆ ಹೇಳಲು ಅಣ್ಣನಿಗೆ ಅಷ್ಟು ಸಾಕಿತ್ತು.

ಹೊಳೆಯ ಮೇಲ್ಗಡೆ, ಸ್ವಲ್ಪ ದೂರದಲ್ಲಿ, ಅಗಲವಾದ ಹೊಸ ಸೇತುವೆ ಎದ್ದಿತು. ಹಳೆಯದನ್ನು ಒಡೆದು ಹಾಕಿದರು. ನೀರಿನಲ್ಲಿ ಮೋಟು ಕಂಬಗಳಷ್ಟೇ ಉಳಿದವು. ಸೇತುವೆ ಮುಚ್ಚಿದ ದಿನ ಕೋಲು ಅಣ್ಣನ ಕೈಯಲ್ಲಿತ್ತು. ಅದನ್ನು ಮನೆಗೆ ತಂದು ಬಾಗಿಲ ಹಿಂದೆ ನಿಲ್ಲಿಸಿದ. ತಮ್ಮ ಮಾತ್ರ ಇತ್ತ ತಲೆಯೇ ಹಾಕಲಿಲ್ಲ.

ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. "ಚಿಕ್ಕೋನ್ನ ಒಂದ್ಸಲ ತೋರಿಸ್ರೋ" ಎಂದು ದಿನಾ ಅದೇ ವರಾತ.

"ಅವನಿಗೇನು ಕಾಲಿಲ್ವಾ? ಬರ್ಲಿ" ಎಂದ ಅಣ್ಣ.

ಹೆಂಡತಿ ರೇಗಿದಳು. "ನಿಮ್ಮ ಜಂಬಕ್ಕಿಷ್ಟು ಬೆಂಕಿ ಹಾಕ! ಅತ್ತೆ ಕಣ್ಮುಚ್ಚಿದ ಮೇಲೆ ಕರೀತೀರಾ? ಹೋಗಿ, ಮಂಡಿ ನೋವಾದ್ರೆ ಆ ಕೋಲು ಊರ್ಕೊಂಡು ಹೋಗಿ."

ಅವನಿಗೂ ಒಳಗೊಳಗೇ ಭಯವಿತ್ತು. ಕೋಲೂರಿಕೊಂಡು ಹೊಸ ಸೇತುವೆ ದಾಟಿದ. ತಮ್ಮ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಅಣ್ಣನ ಮುಖ ನೋಡಲಿಲ್ಲ, ಕೋಲನ್ನು ನೋಡಿದ.

"ಈಗ ತಂದ್ಯಾ?"

"ಅಮ್ಮ ಮಲಗ್ಬಿಟ್ಟಿದಾಳೆ ಕಣೋ. ನೀನ್ಯಾಕೆ ಬರ್ಲಿಲ್ಲ?"

"ಕೋಲು ನಿನ್ನ ಹತ್ರಾನೇ ಉಳೀತಲ್ಲ. ನೀನು ಕಳಿಸ್ದೆ ನಾನು ಹೇಗೆ ಬರ್ಲಿ?"

ಅಣ್ಣನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕೋಲನ್ನು ತಮ್ಮನ ಕೈಗಿಟ್ಟ. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಸೇತುವೆಯ ಹತ್ತಿರ ಬಂದದ್ದೇ ತಡ, ಅಣ್ಣ ಹಳೆಯ ಅಭ್ಯಾಸದಂತೆ ತುದಿಯಲ್ಲೇ ಗಕ್ಕನೆ ನಿಂತ. ಕೋಲು ಅವನ ಕೈಯಲ್ಲಿರಲಿಲ್ಲವಲ್ಲ!

ತಮ್ಮ ತಿರುಗಿ ನೋಡಿದ. "ಅಣ್ಣ, ಇದು ಅಗಲ ಇದೆ ಕಣೋ. ಜೊತೇಲೇ ಹೋಗ್ಬಹುದು. ಬಾ, ಹೆಗಲು ಹಿಡ್ಕೋ."