ಅಂಗಡಿ ಬದಲಿಸಿದ ಎರಡು ಪುಸ್ತಕಗಳು

ದಾವಣಗೆರೆಯ ನಿಟ್ಟುವಳ್ಳಿಯ ಟೇಲರ್ ಕುತುಬುದ್ದೀನನಿಗೆ ಐವತ್ತನಾಲ್ಕು ವರ್ಷ. ಶಾಲಾ ಸಮವಸ್ತ್ರ ಹೊಲಿಯುವುದರಲ್ಲಿ ಅವನ ಕೈ ಬಹಳ ಒಳ್ಳೆಯದು. ಮಕ್ಕಳು ಬೆಳೆಯುತ್ತಾರೆಂದು ಅಂಚಿನಲ್ಲಿ ಯಾವಾಗಲೂ ಎರಡು ಬೆರಳಷ್ಟು ಬಟ್ಟೆ ಹೆಚ್ಚಾಗಿ ಮಡಚಿ ಹೊಲಿಯುವನು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಊರಿನವ್ರ ಅಳತಿ ತಗೊಳ್ಳೋದ್ರಾಗೆ ನನ್ನ ಅಳತಿ ಮರ್ತೇ ಹೋತು" ಎಂದು ನಕ್ಕುಬಿಡುವನು. ನಿಜವಾದ ಕಾರಣ ತಿಳಿದವರು ಮೂವರು ಗೆಳೆಯರು ಮಾತ್ರ. ಅವರಲ್ಲಿ ಇಬ್ಬರು ಈಗಿಲ್ಲ.

ಆ ನಾಲ್ವರೂ ಗಂಡಸರನ್ನೇ ಪ್ರೀತಿಸಿದ ಗಂಡಸರು. ಹರೆಯದಲ್ಲಿ ಪ್ರತಿ ಭಾನುವಾರ ಹರಿಹರದ ಹೊಳೆದಂಡೆಯಲ್ಲಿ ಕೂಡುತ್ತಿದ್ದರು: ಕುತುಬುದ್ದೀನ್, ಹರಿಹರದಲ್ಲೇ ಪಂಪ್‌ಸೆಟ್ ಸಾಮಾನಿನ ಅಂಗಡಿಯಿದ್ದ ಪರಮೇಶ್ವರಪ್ಪ, ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ ಬಿಲಾಲ್, ಮತ್ತು ಆರಡಿ ಎತ್ತರದ ಗಿಡ್ಡಪ್ಪ. "ನಮ್ಮವ್ವ ಹೆಸ್ರಿಟ್ಟ ಮ್ಯಾಲೆ ಹಟಕ್ಕ ಬೆಳದೀನಿ" ಎಂದು ಗಿಡ್ಡಪ್ಪ ಹೇಳುವನು. ವಾರದಲ್ಲಿ ಅದೊಂದು ಸಂಜೆ ಮಾತ್ರ ಅವರು ಗಟ್ಟಿಯಾಗಿ ನಗುತ್ತಿದ್ದರು.

ಆಮೇಲೆ ಆ ರೋಗ, ಏಡ್ಸ್, ಬಂದಿತು. ಮಾತ್ರೆಗಳು ಬಡವರ ಕೈಗೆಟಕುವ ಮೊದಲೇ ಬಿಲಾಲ್ ಸೊರಗಿ ಸತ್ತನು. ಮರುವರ್ಷ ಗಿಡ್ಡಪ್ಪ. ಅವನ ಹೆಣವನ್ನು ಮುಟ್ಟುವವರಿರಲಿಲ್ಲ. ಅಣ್ಣಂದಿರು ಹಾಸಿಗೆಯನ್ನು ಹಿತ್ತಲಲ್ಲಿ ಸುಟ್ಟು, ತಟ್ಟೆ ಲೋಟಗಳನ್ನು ಹೂಳಿದರು. ಕುತುಬುದ್ದೀನ್ ಓಣಿಯ ತಿರುವಿನವರೆಗೆ ಹೋಗಿ, ಆ ಹೊಗೆಯನ್ನು ಕಂಡು ಹಿಂದಿರುಗಿದ್ದನು. ಇವನೂ ಅವನ ಜೊತೆಯವನೇ ಎಂದು ಯಾರಾದರೂ ಅಂದುಬಿಟ್ಟಾರೆಂಬ ಭಯ.

ಉಳಿದಿಬ್ಬರ ರಕ್ತದಲ್ಲಿಯೂ ಅದೇ ಇತ್ತು. ಅಷ್ಟರಲ್ಲಿ ಪರಮೇಶ್ವರಪ್ಪನಿಗೆ ಮನೆಯವರು ಒತ್ತಾಯದಿಂದ ಮದುವೆ ಮಾಡಿದ್ದರು. ಹೆಂಡತಿ ಅನ್ನಪೂರ್ಣಮ್ಮ, ಒಬ್ಬ ಮಗ ಶಿವಕುಮಾರ. ಗೆಳೆಯರಿಬ್ಬರೂ ಕೂಡಿ ಒಂದು ಉಪಾಯ ಮಾಡಿದರು. ದಾವಣಗೆರೆಯವನು ಹರಿಹರದ ಸರ್ಕಾರಿ ಆಸ್ಪತ್ರೆಯಲ್ಲಿ, ಹರಿಹರದವನು ದಾವಣಗೆರೆಯಲ್ಲಿ ಹೆಸರು ಬರೆಸುವುದು. ಮಾತ್ರೆ ಪಡೆಯಲು ತೋರಿಸಬೇಕಾದ, ಫೋಟೋ ಅಂಟಿಸಿದ ಪುಸ್ತಕವನ್ನು ಮನೆಗೆ ಒಯ್ಯದೆ ಒಬ್ಬನದನ್ನು ಇನ್ನೊಬ್ಬನ ಅಂಗಡಿಯಲ್ಲಿ ಇಡುವುದು. ಪರಮೇಶ್ವರಪ್ಪ ತಿಂಗಳಿಗೊಮ್ಮೆ ಬಸ್ಸಿಳಿದು ನಿಟ್ಟುವಳ್ಳಿಗೆ ಬರುವನು. ಪುಸ್ತಕ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ, ಮರಳಿ ಇಟ್ಟು ಚಹಾ ಕುಡಿದು ಹೋಗುವನು. ಕುತುಬುದ್ದೀನನೂ ಹರಿಹರದಲ್ಲಿ ಹಾಗೆಯೇ. ಹದಿನೇಳು ವರ್ಷ ಹೀಗೆ ನಡೆಯಿತು.

ಈ ಸಲ ಮಾತ್ರ ಪರಮೇಶ್ವರಪ್ಪ ನಾಲ್ಕು ತಿಂಗಳು ಬರಲಿಲ್ಲ. ಫೋನಿನಲ್ಲಿ ಕೇಳಿದರೆ, "ಶಿವುಗೆ ನೋಡಿರೋ ಹುಡುಗಿ ಸೋದರಮಾವ ಅದೇ ಆಸ್ಪತ್ರ್ಯಾಗೆ ಕ್ಲರ್ಕ್ ಅದಾನೆ ಕುತುಬ. ಹೆಂಗ್ ಬರ್ಲಿ? ಮದ್ವಿ ಒಂದು ಮುಗೀಲಿ" ಎಂದನು.

"ಮಾತ್ರಿ ಬಿಡಬ್ಯಾಡೋ. ಬ್ಯಾರೆ ದಾರಿ ನೋಡೋಣು."

"ನೋಡು ನೋಡು. ನೀನು ನೋಡೋದ್ರಾಗೆ ನಂಗೆ ಮೊಮ್ಮಕ್ಕಳಾಗ್ತಾವೆ."

ಬೇರೆ ದಾರಿಯನ್ನು ಕುತುಬುದ್ದೀನ್ ಹುಡುಕಲೇ ಇಲ್ಲ. ಯಾರನ್ನು ಕೇಳುವುದು, ಕೇಳಿದರೆ ತನ್ನ ಕಡೆಗೇ ತಿರುಗಿ ನೋಡಿದರೆ ಏನು ಗತಿ ಎಂದು ಹೆದರಿ ಸುಮ್ಮನಿದ್ದನು.

ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅನ್ನಪೂರ್ಣಮ್ಮನ ಫೋನ್ ಬಂದಿತು.

"ಕುತುಬಣ್ಣ, ಇವ್ರಿಗೆ ಫಿಟ್ಸ್ ಬಂದು ಎಚ್ಚರ ತಪ್ಪೈತೆ. ದಾವಣಗೆರಿಗೆ ತಂದೀವಿ, ನಿಜಲಿಂಗಪ್ಪ ಬಡಾವಣಿ ಪ್ರೈವೇಟ್ ಆಸ್ಪತ್ರಿಗೆ. ಮೊದ್ಲಿಂದ ಏನರ ಕಾಯ್ಲಿ ಇತ್ತಾ ಅಂತ ಡಾಕ್ಟ್ರು ಕೇಳ್ತಾರೆ. ನಂಗೇನು ಗೊತ್ತು? ಗ್ಯಾಸಿನ ಮಾತ್ರಿ ಬಿಟ್ರೆ ಏನೂ ನುಂಗ್ತಿರ್ಲಿಲ್ಲ. ಹಳೇ ಚೀಟಿ ಸಿಗ್ತಾವೇನೋ ಅಂತ ಶಿವು ಅಂಗಡಿ ಡ್ರಾಯರ್ ನೋಡಾಕೆ ಹೊಂಟಾನೆ."

ಕುತುಬುದ್ದೀನ್ ಕತ್ತರಿಯನ್ನು ಮೇಜಿನ ಮೇಲಿಟ್ಟನು. ಡಾಕ್ಟರು ಕೇಳುತ್ತಿರುವ ಪುಸ್ತಕ ಇಲ್ಲಿ, ತನ್ನ ಬಟ್ಟೆಯ ಗಂಟಿನ ಕೆಳಗೆ ಇತ್ತು. ಶಿವಕುಮಾರ ತೆರೆಯಲಿರುವ ಡ್ರಾಯರಿನಲ್ಲಿ ತನ್ನ ಮುಖದ ಫೋಟೋ ಇತ್ತು.

ಗೆಳೆಯನ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಟನು. ಹೊರಟದ್ದು ಆಸ್ಪತ್ರೆಗೆಂದೇ. ಆದರೆ ಬಂದು ಕುಳಿತದ್ದು ಹರಿಹರದ ಬಸ್ಸಿನಲ್ಲಿ. ಹುಡುಗ ಎಲ್ಲಾದರೂ ತಡಮಾಡಿಯಾನು, ತಾನು ಮೊದಲು ಮುಟ್ಟಿದರೆ ಸಾಕು. ಹೋಗಿಬರಲು ಒಂದು ಗಂಟೆ, ಒಂದು ಗಂಟೆಯಲ್ಲಿ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡನು. ಬಸ್ಸು ಹೊರಟಿತು. ಒಂದು ಗಂಟೆ. ಪರಮೇಶಿಯೂ ನಾಲ್ಕು ತಿಂಗಳಲ್ಲಿ ಏನಾದೀತು ಎಂದೇ ಅಂದುಕೊಂಡಿರಬೇಕು.

"ಇಳೀತೀನಿ ನಿಲ್ಸ್ರಿ" ಎಂದನು.

"ಇಳಿಯೋನು ಹತ್ತಿದ್ಯಾಕೆ ಸಾಬ್ರೆ? ಸೀಟು ಮೆತ್ತಗೈತಾ ಅಂತ ನೋಡಾಕಾ?" ಎಂದ ಕಂಡಕ್ಟರ್ ಸೀಟಿ ಊದಿದನು.

ಆಸ್ಪತ್ರೆಯಲ್ಲಿ ಪರಮೇಶ್ವರಪ್ಪನನ್ನು ನೋಡುತ್ತಿದ್ದ ಡಾಕ್ಟರ್ ವಾಣಿಯವರನ್ನು ಮರೆಗೆ ಕರೆದು ಪುಸ್ತಕ ಕೊಟ್ಟನು. ಅವರು ನಿಂತಲ್ಲೇ ನಾಲ್ಕು ಹಾಳೆ ತಿರುವಿದರು.

"ನಾಲ್ಕು ತಿಂಗ್ಳಿಂದ ಮಾತ್ರೆ ಇಲ್ಲ. ನೀವು ಅವ್ರಿಗೆ ಏನಾಗ್ಬೇಕು?"

"ಗೆಳೆಯ."

"ಇದು ನಿಮ್ಮ ಹತ್ರ ಹೆಂಗ್ ಬಂತು?"

"ನಂದು ಅವ್ನ ಹತ್ರ ಐತ್ರಿ" ಎಂದನು.

ಡಾಕ್ಟರು ಒಮ್ಮೆ ಅವನ ಮುಖವನ್ನು ನೋಡಿದರು. ಸೋಂಕು ಮಿದುಳಿಗೆ ಏರಿರಬಹುದು, ಬೆನ್ನುಹುರಿಯ ನೀರು ತೆಗೆದು ಈಗಲೇ ಬೇರೆ ಔಷಧ ಆರಂಭಿಸುತ್ತೇವೆ, ಎರಡು ದಿನ ಏನೂ ಹೇಳಲಾಗದು ಎಂದರು. ಅನಂತರ ಅನ್ನಪೂರ್ಣಮ್ಮನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

ಆ ಮುಚ್ಚಿದ ಬಾಗಿಲನ್ನು ನೋಡುತ್ತ ಕುಳಿತಿರುವಾಗ ಶಿವಕುಮಾರ ಬಂದನು. ಪ್ಲಾಸ್ಟಿಕ್ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಬೆಂಚಿನ ಮೇಲಿಟ್ಟು, ತಾನು ಎದುರು ಗೋಡೆಗೆ ಒರಗಿ ನಿಂತನು.

"ಡ್ರಾಯರ್‌ನಾಗೆ ನಿಮ್ದು ಸಿಕ್ತು" ಎಂದನು. ಚಿಕ್ಕವನಿದ್ದಾಗಿನಿಂದ ಕರೆಯುತ್ತಿದ್ದ "ಕಾಕಾ" ಎಂಬ ಮಾತು ಈ ಸಲ ಬರಲಿಲ್ಲ.

ಬಾಗಿಲು ತೆರೆಯಿತು. ಅನ್ನಪೂರ್ಣಮ್ಮ ಮಗನನ್ನು ದಾಟಿ ಬಂದು, ಒಂದಾಳಿನ ಅಂತರ ಬಿಟ್ಟು ಅದೇ ಬೆಂಚಿನ ಮೇಲೆ ಕುಳಿತಳು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು:

"ಎಷ್ಟು ವರ್ಷದಿಂದ ಗೊತ್ತಿತ್ತು ನಿಮಗೆ?"

"ಹದಿನೇಳು."

"ನನ್ನ ಕೈಯಾಗೆ ಎಷ್ಟು ಸಲ ಊಟ ಮಾಡೀರಿ ನೀವು. ಒಂದು ಮಾತು ಹೇಳ್ಲಿಲ್ಲ."

ಈಗ ಎದ್ದು ಹೋಗು ಎನ್ನುವಳೆಂದು ಅವನು ಕಾದನು. ಹೇಳಿದ್ದರೆ ಹೋಗಿಬಿಡುತ್ತಿದ್ದನು.

"ನನ್ನ ರಕ್ತಾನೂ ನೋಡ್ಬೇಕಂತೆ. ಸರ್ಕಾರಿ ಆಸ್ಪತ್ರ್ಯಾಗೆ" ಎಂದಳು ಅವಳು. ಧ್ವನಿ ಎಷ್ಟು ತಗ್ಗಿತ್ತೆಂದರೆ ಅವನು ಬಾಗಿ ಕೇಳಬೇಕಾಯಿತು. "ಎಲ್ಲಿ ನಿಲ್ಬೇಕು, ಏನು ಕೇಳ್ತಾರೆ, ನಂಗೊಂದೂ ಗೊತ್ತಿಲ್ಲ. ನೀವೇ ಬರ್ರಿ ಜೊತಿಗೆ."

ಶಿವಕುಮಾರನಿಗೆ ನೋಡಿದ ಹುಡುಗಿಯ ಸೋದರಮಾವ ಕುಳಿತಿರುವ ಆಸ್ಪತ್ರೆ ಅದು. ನಿಟ್ಟುವಳ್ಳಿಯ ಅರ್ಧ ಜನ ಓಡಾಡುವ ಸಾಲು ಅದು.

"ನಾಳೆ ಒಂಬತ್ತಕ್ಕೆ ಚೀಟಿ ಕೊಡ್ತಾರೆ" ಎಂದನು ಕುತುಬುದ್ದೀನ್. "ಎಂಟೂವರಿಗೆ ನಾನು ಗೇಟಿನ ಹತ್ರ ಇರ್ತೀನಿ."