ವಿಭೂತಿ ಅಂದುಕೊಂಡದ್ದು

ಅಮ್ಮ ತೀರಿಕೊಂಡ ಮೇಲೆ ನನ್ನ ಮಾತು ಕಡಿಮೆಯಾದದ್ದು ನನಗೇ ಗೊತ್ತಾಗಲಿಲ್ಲ. ಅವರೆಕಾಯಿ ಬಿಡಿಸಲು ಕೂತರೆ ಸಿಪ್ಪೆ ಪಾತ್ರೆಗೆ, ಕಾಳು ಕಸಕ್ಕೆ ಬೀಳುತ್ತಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಒಲೆಯ ಮುಂದೆ ನಿಂತೇ ಇರುತ್ತಿದ್ದೆ. ಆಗಲೇ ನನ್ನ ಯಜಮಾನರು ಬೆಳಿಗ್ಗೆ ಅಡುಗೆಮನೆಗೆ ಬರತೊಡಗಿದ್ದು. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅದುವರೆಗೆ ಒಬ್ಬ ಗಂಡಸೂ ಒಂದು ಲೋಟ ನೀರು ಕಾಯಿಸಿದ್ದನ್ನು ನಾನು ಕಂಡಿರಲಿಲ್ಲ. ಇವರು ಲಿಂಗಪೂಜೆ ಮುಗಿಸಿ ಬಂದು ರಾಗಿ ಮಾಲ್ಟ್ ಕಾಯಿಸಿ, ನನ್ನ ಲೋಟಕ್ಕೆ ಒಂದು ಚಿಟಿಕೆ ವಿಭೂತಿ ಉದುರಿಸಿ ತಂದುಕೊಡುತ್ತಿದ್ದರು.

“ಮಠದ್ದು ಕಣೆ. ಮನಸ್ಸಿಗೆ ಒಳ್ಳೇದು. ಪೂರ್ತಿ ಕುಡಿ.”

ಕುಡಿದ ಮೇಲೆ ತಳದಲ್ಲಿ ಗಸಗಸೆಯಂಥ ಬಿಳಿ ಕಾಳುಗಳು ಉಳಿಯುತ್ತಿದ್ದವು. ಕರಗದ ವಿಭೂತಿ ಅಂದುಕೊಂಡೆ. ತಟ್ಟೆಯಲ್ಲಿ ಏನೂ ಬಿಡಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು, ಪ್ರಸಾದ ಚೆಲ್ಲಬಾರದೆಂದು ಅತ್ತೆ ಕಲಿಸಿದ್ದರು. ಹಾಗಾಗಿ ಲೋಟಕ್ಕೆ ಒಂದಿಷ್ಟು ನೀರು ಹಾಕಿ, ಅಲ್ಲಾಡಿಸಿ, ಆ ಕಾಳುಗಳನ್ನೂ ಕುಡಿದುಬಿಡುತ್ತಿದ್ದೆ.

ನಿಧಾನವಾಗಿ ನಾನು ಸರಿಹೋದೆ. ಅದನ್ನು ಮುಚ್ಚಿಡುವುದಿಲ್ಲ. ಹಿತ್ತಲಿನ ಕನಕಾಂಬರ ಮತ್ತೆ ಕಣ್ಣಿಗೆ ಬಿತ್ತು. ಕುದೇರಿನಿಂದ ಬಂದ ಯಜಮಾನರ ಅಕ್ಕ ನನ್ನ ಗಲ್ಲ ಹಿಡಿದು, “ಈಗ ಮುಖ ಗೆಲುವಾಯ್ತು ಕಣಮ್ಮಿ. ಆಗ ನೋಡಕ್ಕಾಯ್ತಿರ್ನಿಲ್ಲ” ಎಂದರು. ಇವರು ತಂದುಕೊಡುವ ಆ ಲೋಟವೇ ನನ್ನನ್ನು ಎಬ್ಬಿಸಿ ಕೂರಿಸಿತು ಎಂದು ನಾನು ನಂಬಿದ್ದೆ. ಮಾಲ್ಟಲ್ಲ, ತಂದುಕೊಡುವ ಕೈ.

ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಸುಮ್ಮನೆ ಕೂತಿದ್ದರೂ ಬೆವರು. ಬಿಪಿ ಏರುತ್ತಲೇ ಹೋಯಿತು. ಚಾಮರಾಜನಗರದ ಡಾಕ್ಟರು, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ, ಒಂದು ಹಗಲು ಒಂದು ರಾತ್ರಿಯ ಮೂತ್ರ ಪೂರ್ತಿ ಹಿಡಿದು ತನ್ನಿ ಎಂದರು. ಕಾಫಿ ಬೇಡ, ಬಾಳೆಹಣ್ಣು ಬೇಡ, ಚಾಕಲೇಟ್ ಬೇಡ.

“ಮಾತ್ರೆ ಏನಾದರೂ ತಗೋತೀರಾ ಅಮ್ಮ? ನೆಗಡಿದು, ನಿದ್ದೇದು, ಯಾವುದಾದ್ರೂ?”

“ಯಾವುದೂ ಇಲ್ಲ” ಎಂದೆ. ಪಕ್ಕದ ಕುರ್ಚಿಯಲ್ಲಿ ಇವರು ಫ್ಯಾನ್ ನೋಡುತ್ತಿದ್ದರು.

ತೋಟದ ಏಲಕ್ಕಿ ಬಾಳೆ ಗೊನೆ ಹಜಾರದಲ್ಲೇ ಹಣ್ಣಾಗಿ ಘಮಗುಡುತ್ತಿದ್ದರೂ ನಾನು ಮುಟ್ಟಲಿಲ್ಲ. ಕಾಫಿ ಬಿಟ್ಟು ತಲೆನೋವು ತಂದುಕೊಂಡೆ. ಮಾಲ್ಟನ್ನು ಮಾತ್ರ ಬಿಡಲಿಲ್ಲ. ಅದು ತಿಂಡಿಯೂ ಅಲ್ಲ, ಔಷಧಿಯೂ ಅಲ್ಲ, ಪ್ರಸಾದ. ಪ್ರಸಾದದ ವಿಷಯ ಡಾಕ್ಟರಿಗೆ ಯಾರು ಹೇಳುತ್ತಾರೆ?

ಲ್ಯಾಬಿನವರು ಕೊಟ್ಟ ಕ್ಯಾನು ತುಂಬಿಸಿ ಬಟ್ಟೆಚೀಲದಲ್ಲಿಟ್ಟು ಬಸ್ಸು ಹತ್ತಿದೆವು. ತೆರಕಣಾಂಬಿಯಲ್ಲಿ ಹತ್ತಿದ ಅಜ್ಜಿಯೊಂದು ನನ್ನ ಪಕ್ಕ ಕೂತು ಚೀಲ ತಡವಿ ನೋಡಿತು.

“ಮಜ್ಜಿಗೆಯೇನವ್ವ? ಒಸಿ ಕೊಡು, ಗಂಟಲು ಒಣಗೋಗದೆ.”

“ಅಯ್ಯೋ, ಮಜ್ಜಿಗೆ ಅಲ್ಲ ಅಜ್ಜಿ!”

“ಕೊಡಕ್ಕಿಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ಅದ್ಯಾಕೆ ಹಂಗೆ ತಬ್ಕೊಂಡಿದ್ದೀಯೆ, ನಾನೇನ್ ಕಿತ್ಕೊಂಡೋಯ್ತೀನಾ?”

ಮುಂದಿನ ಸೀಟಿನಲ್ಲಿದ್ದ ಇವರ ಹೆಗಲು ನಗುವಿನಿಂದ ಕುಣಿಯುತ್ತಿತ್ತು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾವಿಬ್ಬರೂ ಹಾಗೆ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಫಲಿತಾಂಶ ಬಂದ ದಿನ ಡಾಕ್ಟರು ಕಾಗದವನ್ನು ಎರಡು ಸಲ ಓದಿದರು.

“ಜಾಸ್ತಿ ಇದೆ. ಆದರೆ ಮೂತ್ರದಲ್ಲಿ ನೋಡೋ ಎರಡು ಅಂಶದಲ್ಲಿ ಒಂದು ಮಾತ್ರ ಜಾಸ್ತಿ, ಇನ್ನೊಂದು ಸರಿಯಾಗಿದೆ. ನಮ್ಮ ನರದ ತುದಿಯಿಂದ ಒಂದು ರಸ ಹೊರಗೆ ಬರುತ್ತೆ ಅಮ್ಮ. ಕೆಲಸ ಮುಗಿದ ಮೇಲೆ ಆ ನರವೇ ಅದನ್ನ ವಾಪಸ್ ಒಳಗೆ ಎಳ್ಕೊಳ್ಳುತ್ತೆ. ಒಳಗೆ ಒಡೆದರೆ ಒಂದು ಥರದ ಚೂರು, ಹೊರಗೇ ಉಳಿದು ಒಡೆದರೆ ಇನ್ನೊಂದು ಥರದ್ದು. ಮನಸ್ಸಿಗೆ ಕೊಡೋ ಕೆಲವು ಮಾತ್ರೆಗಳು ವಾಪಸ್ ಹೋಗೋ ಬಾಗಿಲು ಹಾಕಿಬಿಡುತ್ವೆ. ಆಗ ಹೊರಗಿನ ಚೂರು ಜಾಸ್ತಿ ಆಗುತ್ತೆ, ನಿಮ್ಮಲ್ಲಿ ಜಾಸ್ತಿ ಇರೋದೂ ಅದೇ. ಬಿಪಿನೂ ಏರಬಹುದು.”

“ಇದೆಲ್ಲ ಮೆದುಳಲ್ಲಿ ಆಗೋದಾ?”

“ಮೆದುಳಲ್ಲೂ ಆಗುತ್ತೆ, ಮೈಯೆಲ್ಲಾ ನರಗಳಲ್ಲೂ ಆಗುತ್ತೆ. ಕ್ಯಾನಿಗೆ ಬರೋವಾಗ ಯಾವುದು ಎಲ್ಲಿದು ಅಂತ ಬೇರೆ ಮಾಡಕ್ಕಾಗಲ್ಲ. ಅದಕ್ಕೇ ಮತ್ತೆ ಕೇಳ್ತೀನಿ, ಅಂಥ ಮಾತ್ರೆ ಏನಾದರೂ?”

“ಇಲ್ಲವೇ ಇಲ್ಲ ಡಾಕ್ಟ್ರೆ.”

“ಹಾಗಾದರೆ ಮೈಸೂರಲ್ಲಿ ಸ್ಕ್ಯಾನ್ ಮಾಡಿಸೋಣ. ಗಡ್ಡೆ ಸಿಕ್ಕರೆ ಆಪರೇಷನ್.”

ಇವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

ಮಾರನೆಯ ಬೆಳಿಗ್ಗೆ ಲೋಟಕ್ಕೆ ನೀರು ಹಾಕುವ ಮುನ್ನ ನನ್ನ ಕೈ ನಿಂತಿತು. ಕಾಳುಗಳೆಲ್ಲ ಒಂದೇ ಗಾತ್ರ, ದುಂಡಗೆ, ನುಣ್ಣಗೆ. ವಿಭೂತಿ ಹಾಗಿರುವುದಿಲ್ಲ. ಒಂದನ್ನು ಉಗುರಲ್ಲಿ ಒತ್ತಿದೆ. ಪುಡಿಯಾಗದೆ ಜಾರಿ ಹಾರಿತು.

“ಇದೇನ್ರೀ?”

“ಏನಿಲ್ಲ ಕಣೆ, ಕುಡಿ.”

“ಇದೇನು ಅಂತ ಕೇಳ್ದೆ.”

ಅವರು ಒಲೆ ಆರಿಸಿದರು. ಮೈಸೂರಿನ ಒಬ್ಬ ಡಾಕ್ಟರ ಹತ್ತಿರ ತಾವೇ ಹೋಗಿ ನನ್ನ ಸ್ಥಿತಿ ಹೇಳಿ ಕ್ಯಾಪ್ಸೂಲ್ ತಂದಿದ್ದರಂತೆ. ಪೂಜೆಯ ಪೆಟ್ಟಿಗೆಯಲ್ಲಿ, ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದರಂತೆ. ನಾನು ಏಳುವ ಮುಂಚೆ ಬಿಡಿಸಿ ಒಳಗಿನ ಕಾಳುಗಳನ್ನು ಲೋಟಕ್ಕೆ ಉದುರಿಸುತ್ತಿದ್ದರಂತೆ.

“ಮನಸ್ಸಿನ ಮಾತ್ರೆ ಅಂದ್ರೆ ನೀನು ಒಪ್ತಿರ್ಲಿಲ್ಲ. ಅಕ್ಕನೂ ಹಂಗೇ ಅಂದ್ಲು. ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣೆ.”

“ನನ್ನ ಕೇಳಿದ್ರಾ?”

ಅವರು ಬಟ್ಟೆ ತೆಗೆದುಕೊಂಡು ಒಲೆಯ ಕಟ್ಟೆ ಒರೆಸತೊಡಗಿದರು.

“ನಿನ್ನೆ ಆಪರೇಷನ್ ಅಂದಾಗಲಾದ್ರೂ ಹೇಳಬಹುದಿತ್ತಲ್ಲ.”

“ಡಾಕ್ಟರ ಮುಂದೆ ಹೆಂಗೆ ಹೇಳ್ಲಿ? ಸ್ಕ್ಯಾನಲ್ಲಿ ಏನೂ ಇಲ್ಲ ಅಂತ ಬಂದೇ ಬತ್ತದೆ ಅಂದ್ಕೊಂಡೆ.”

ನಾನು ಕೂಗಾಡಲಿಲ್ಲ. ಕೂಗಾಡುವುದು ನನಗೆ ಬಾರದು. ಕೇಳಿದ್ದರೆ ನಾನು ಬಹುಶಃ ತೆಗೆದುಕೊಳ್ಳುತ್ತಿದ್ದೆ. ಔಷಧಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಕೆಲಸ ಮಾಡಿತ್ತು. ಆದರೆ ಕನಕಾಂಬರ ಕಂಡು ಹಿಗ್ಗಿದ್ದು ನಾನೋ ಆ ಕಾಳುಗಳೋ? ಗಲ್ಲ ಹಿಡಿದ ಅಕ್ಕ ನನ್ನನ್ನು ನೋಡುತ್ತಿದ್ದರೋ, ಮದ್ದು ಹತ್ತಿತೇ ಎಂದು ನೋಡುತ್ತಿದ್ದರೋ? ಅಮ್ಮನಿಗಾಗಿ ಇನ್ನೂ ಎಷ್ಟು ದಿನ ಅಳಬೇಕೆಂಬುದನ್ನು ನನ್ನ ಬೆನ್ನ ಹಿಂದೆ ಇಬ್ಬರು ಕೂತು ತೀರ್ಮಾನಿಸಿದ್ದರು. ಅದಕ್ಕೆ ದೇವರನ್ನೂ ಜೊತೆಗೆ ಸೇರಿಸಿಕೊಂಡಿದ್ದರು.

“ಡಾಕ್ಟರ ಹತ್ರ ನೀವೇ ಹೇಳಬೇಕು. ನಾನು ಹೇಳಲ್ಲ” ಎಂದೆ.

ಚಾಮರಾಜನಗರದಲ್ಲಿ ಅವರು ಹೇಳಿದರು, ಮೇಜಿನ ಅಂಚು ಉಜ್ಜುತ್ತಾ. ಡಾಕ್ಟರು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಒಮ್ಮೆಲೇ ನಿಲ್ಲಿಸಬೇಡಿ ಅಮ್ಮ, ತಲೆ ಸುತ್ತುತ್ತೆ, ಸಂಕಟ ಆಗುತ್ತೆ. ಸ್ವಲ್ಪ ಸ್ವಲ್ಪ ಇಳಿಸೋಣ. ಬೇಕು ಅನ್ನಿಸಿದ್ರೆ ಬೇರೆ ಔಷಧಿ ಇದೆ. ಬೇಕೋ ಬೇಡವೋ ನೀವು ಹೇಳಬೇಕು.” ಎಷ್ಟೋ ತಿಂಗಳ ಮೇಲೆ ನನ್ನನ್ನು ಕೇಳಿದವರು ಅವರೊಬ್ಬರೇ.

ಕ್ಯಾಪ್ಸೂಲುಗಳನ್ನು ನಾನು ತೆಗೆದಿಟ್ಟುಕೊಂಡೆ. ಹೇಳಿದ ಹಾಗೆ ಇಳಿಸುತ್ತಾ, ನಾನೇ ಕೈಯಾರೆ ನುಂಗಿದೆ. ಕೆಲವು ದಿನ ಅಳು ವಾಪಸ್ ಬಂತು. ಬರಲಿ ಎಂದು ಬಿಟ್ಟೆ. ಪೂರ್ತಿ ಬಿಟ್ಟು ಸಾಕಷ್ಟು ದಿನ ಕಳೆದ ಮೇಲೆ ಮತ್ತೊಂದು ಕ್ಯಾನ್ ತುಂಬಿಸಿ ಕೊಟ್ಟೆವು. ಎಲ್ಲ ಸರಿಯಾಗಿತ್ತು. ಬಿಪಿಯೂ ಇಳಿದಿತ್ತು. ಗಡ್ಡೆಯ ಮಾತು ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯಿಂದ ಹೊರಗೆ ಬಂದಾಗ ಇವರ ಮುಖ ಹಗುರಾಗಿತ್ತು. “ನೋಡ್ದಾ, ಏನೂ ಇಲ್ಲ. ಬಾ, ಎಳನೀರು ಕುಡಿಯನ” ಎಂದು ಮುಂದೆ ಹೋದರು. ಗಾಡಿಯವನು ಕೊಚ್ಚಿ, ಸ್ಟ್ರಾ ಹಾಕಿ ಎಳನೀರು ಚಾಚಿದ. ನನಗೆ ದಾಟಿಸಲು ಇವರು ಕೈ ಮುಂದೆ ಮಾಡಿದರು. ನಾನು ಅವರ ಕೈಯನ್ನು ದಾಟಿ, ಗಾಡಿಯವನ ಕೈಯಿಂದಲೇ ಇಸಿದುಕೊಂಡೆ.